ಮುನ್ನೂರು ಎಂಬ ಲೆಕ್ಕ ಎಲ್ಲಿಂದ ಬಂತು?

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಹಾಫ್ ಡೋಮ್ ಎಂಬ ಬೋಳುಬಂಡೆಯ ಬೆಟ್ಟವಿದೆ. ಅದರ ಕೊನೆಯ ನೂರಿಪ್ಪತ್ತು ಮೀಟರ್ ಏರು ಬಲು ಕಡಿದು. 1919ರಿಂದಲೂ ಅಲ್ಲಿ ಎರಡು ಉಕ್ಕಿನ ಹಗ್ಗಗಳನ್ನು ಕಟ್ಟಿದ್ದಾರೆ. ಹತ್ತುವವರೂ ಇಳಿಯುವವರೂ ಅವನ್ನೇ ಹಿಡಿದು ಸಾಗಬೇಕು. ಈ ಬೆಟ್ಟಕ್ಕೆ ದಿನಕ್ಕೆ 300 ಜನರಿಗಷ್ಟೇ ಪರವಾನಗಿ, ಅದೂ ಲಾಟರಿ ಎತ್ತಿ.

ಈಗ ನಮ್ಮ ಕುಮಾರ ಪರ್ವತಕ್ಕೆ ಬನ್ನಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅದರ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು. ಅದರ ಜೊತೆಗೆ ಒಂದು ಹಾದಿಗೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂತು: 300.

ಎರಡೂ ಕಡೆ ಒಂದೇ ಅಂಕೆ ಇರುವುದು ಕಾಕತಾಳೀಯ. ಆದರೆ 300 ಏಕೆ? 250 ಏಕಲ್ಲ, 700 ಏಕಲ್ಲ? ಇಂಥ ಒಂದು ಅಂಕೆಗೆ ತಲುಪುವುದು ಹೇಗೆ, ತಲುಪಿದ ಮೇಲೆ ಅದನ್ನು ಸಮರ್ಥಿಸಿಕೊಳ್ಳುವುದು ಹೇಗೆ ಎಂಬುದನ್ನು ಅಮೆರಿಕದ ಹಲವು ಕಾಲೇಜುಗಳು ನಾಲ್ಕು ವರ್ಷ ಕೂರಿಸಿ ಕಲಿಸುತ್ತವೆ. ಆ ಓದಿನ ಹೆಸರನ್ನು ಕನ್ನಡಕ್ಕೆ ತಂದರೆ 'ಹೊರಾಂಗಣ ವಿಹಾರ ಮತ್ತು ನಿಸರ್ಗ ಸಂಪನ್ಮೂಲಗಳ ಪಾಲನೆ' ಎಂದಾಗುತ್ತದೆ. ನಮ್ಮ ಮನೆಗಳಲ್ಲಿ ಯಾರಾದರೂ ವಿಹಾರದಲ್ಲಿ ಡಿಗ್ರಿ ಮಾಡುತ್ತೇನೆ ಎಂದರೆ, ಪಿಕ್ನಿಕ್ ಹೋಗುವುದಕ್ಕೂ ಪಾಠ ಬೇಕೇ ಎಂಬ ಪ್ರಶ್ನೆ ಬರುವುದು ಖಂಡಿತ. ಅಲ್ಲಿನ ತಂದೆತಾಯಿಗಳೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ ಎಂದು ನನ್ನ ಊಹೆ.

ಪಾಲನೆ ಎನ್ನುವಲ್ಲಿ ಮೂಲದಲ್ಲಿರುವುದು 'ಸ್ಟೀವರ್ಡ್‌ಶಿಪ್' ಎಂಬ ಪದ. ಸಂರಕ್ಷಣೆ ಎಂದರೆ ಅದರ ಅರ್ಥ ಪೂರ್ತಿ ಬರುವುದಿಲ್ಲ. ಕರಾವಳಿಯ ದೇವಸ್ಥಾನಗಳ ಮೊಕ್ತೇಸರರನ್ನು ನೆನಪಿಸಿಕೊಂಡರೆ ಹತ್ತಿರ ಬರುತ್ತದೆ. ಆಸ್ತಿ ಮೊಕ್ತೇಸರನದ್ದಲ್ಲ, ದೇವರದ್ದು. ಆದರೆ ಲೆಕ್ಕ ಕೊಡಬೇಕಾದವನು ಅವನೇ. ಭಕ್ತರು ಬರಬೇಕು, ಬಂದವರ ಕಾಲ್ತುಳಿತಕ್ಕೆ ಗುಡಿ ಸವೆಯಲೂ ಬಾರದು. ಈ ಓದಿನ ಪೇಚೆಲ್ಲ ಇದೇ.

ಈ ಪೇಚನ್ನು ಕಾನೂನೇ ಹುಟ್ಟುಹಾಕಿದೆ. 1872ರಲ್ಲಿ ಯೆಲ್ಲೋಸ್ಟೋನ್ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1916ರಲ್ಲಿ ಇಂಥ ಉದ್ಯಾನಗಳನ್ನೆಲ್ಲ ನೋಡಿಕೊಳ್ಳಲು ರಾಷ್ಟ್ರೀಯ ಉದ್ಯಾನ ಸೇವೆ ಎಂಬ ಇಲಾಖೆ ಬಂತು. ಆ ಇಲಾಖೆಗೆ ಕಾನೂನು ಒಂದೇ ಉಸಿರಿನಲ್ಲಿ ಎರಡು ಕೆಲಸ ಹೇಳಿತು: ಜನ ಬಂದು ಈ ಜಾಗಗಳನ್ನು ಸವಿಯುವಂತೆ ಮಾಡಿ; ಮುಂದಿನ ಪೀಳಿಗೆಗಳಿಗಾಗಿ ಇವುಗಳಿಗೆ ಕುಂದು ಬಾರದಂತೆ ಉಳಿಸಿ. ಈ ವಿಭಾಗದ ವಿದ್ಯಾರ್ಥಿಗಳು ಮತ್ತೆ ಮತ್ತೆ ಓದುವುದು, ವಾದಿಸುವುದು ಈ ಒಂದು ವಾಕ್ಯವನ್ನೇ. ವರ್ಷಕ್ಕೆ ಕೆಲವು ಸಾವಿರ ಜನ ಬರುತ್ತಿದ್ದಾಗ ಎರಡೂ ಕೆಲಸ ಒಟ್ಟಿಗೆ ನಡೆಯುತ್ತಿದ್ದವು. ಯೂಟಾ ರಾಜ್ಯದ ಜೈಯನ್ ಉದ್ಯಾನವೊಂದಕ್ಕೇ 2021ರಲ್ಲಿ ಐವತ್ತು ಲಕ್ಷ ಜನ ಬಂದಾಗ, ಇವೆರಡರಲ್ಲಿ ಯಾವುದನ್ನು ಎಷ್ಟು ಬಿಟ್ಟುಕೊಡಬೇಕು ಎಂದು ಯಾರಾದರೂ ಕುಳಿತು ಲೆಕ್ಕ ಹಾಕಲೇಬೇಕಾಗುತ್ತದೆ.

ಮೊದಲು ಆ ಲೆಕ್ಕ ಹಾಕುವವರು ಅರಣ್ಯಶಾಸ್ತ್ರ ಓದಿದವರೇ ಆಗಿದ್ದರು. 1898ರಿಂದ 1900ರ ಹೊತ್ತಿಗೆ ಕಾರ್ನೆಲ್, ಯೇಲ್‌ಗಳಲ್ಲಿ ಅರಣ್ಯ ಶಾಲೆಗಳು ತೆರೆದಾಗ ಕಲಿಸಿದ್ದು ಮರವನ್ನು: ಎಷ್ಟು ಬೆಳೆಯುತ್ತದೆ, ಎಷ್ಟು ಕಡಿಯಬಹುದು. ಎರಡನೇ ಮಹಾಯುದ್ಧ ಮುಗಿದು ಮನೆಮನೆಗೆ ಕಾರು ಬಂದ ಮೇಲೆ ವಾರಾಂತ್ಯದಲ್ಲಿ ಊರಿಗೆ ಊರೇ ಕಾಡಿಗೆ ಹೊರಟಿತು. 1958ರಲ್ಲಿ ಸಂಸತ್ತು ಹೊರಾಂಗಣ ವಿಹಾರದ ಬಗ್ಗೆಯೇ ಒಂದು ಆಯೋಗ ರಚಿಸಿತು. ಅದು 1962ರಲ್ಲಿ ವರದಿ ಕೊಡುವುದಕ್ಕೂ ಮೊದಲು, 1960ರಲ್ಲಿ, ರಾಷ್ಟ್ರೀಯ ಅರಣ್ಯಗಳು ಯಾವುದಕ್ಕಾಗಿ ಇವೆ ಎಂದು ಹೇಳುವ ಕಾನೂನು ಬಂದು, ಹೊರಾಂಗಣ ವಿಹಾರವನ್ನು ಮರಮಟ್ಟು, ಮೇವು, ನೀರು, ವನ್ಯಜೀವಿಗಳ ಸಾಲಿಗೆ ಸೇರಿಸಿತು. ಮರದ ಪಂಡಿತರಿಗೆ ಜನರ ಪಾಂಡಿತ್ಯವೂ ಬೇಕಾದದ್ದು ಆಗ. ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇಂದು ಇರುವ ಒಂದು ವಿಭಾಗದ ಹೆಸರೇ 'ನಿಸರ್ಗ ಸಂಪನ್ಮೂಲಗಳ ಮಾನವ ಆಯಾಮಗಳು'. ಮೊಂಟಾನಾ, ಯೂಟಾ ಸ್ಟೇಟ್, ಕ್ಲೆಮ್ಸನ್, ವರ್ಮಾಂಟ್‌ಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದೇ ಓದಿದೆ. ನ್ಯೂಯಾರ್ಕ್ ರಾಜ್ಯದ ವನಕೀನಾ ಎಂಬ ಪುಟ್ಟ ಊರಿನಲ್ಲಿ 1912ರಿಂದ ನಡೆಯುತ್ತಿರುವ ರೇಂಜರ್ ಶಾಲೆಯಲ್ಲಂತೂ ಕಾಡೇ ಕ್ಯಾಂಪಸ್ಸು.

ಮುನ್ನೂರರ ಲೆಕ್ಕಕ್ಕೆ ಮೊದಲು ಕೈಹಾಕಿದವರು ದನದ ಲೆಕ್ಕವನ್ನು ಎರವಲು ತಂದರು. ಗೋಮಾಳ ಗೊತ್ತಿರುವವರಿಗೆ ಇದು ಸುಲಭ. ನೂರು ದನ ಮೇಯುವ ಜಾಗಕ್ಕೆ ಇನ್ನೂರು ಬಿಟ್ಟರೆ ಹುಲ್ಲು ಮತ್ತೆ ಚಿಗುರುವುದಿಲ್ಲ. ಆ ನೂರೇ ಅದರ ಧಾರಣಾ ಸಾಮರ್ಥ್ಯ. ಹಾಗೆಯೇ ಒಂದು ಕಾಡಿಗೆ ಎಷ್ಟು ಜನ ಎಂದು ಕಂಡುಹಿಡಿದರಾಯಿತು ಎಂದುಕೊಂಡರು. 1964ರಲ್ಲಿ ಅಲನ್ ವೇಗರ್ ಎಂಬ ಸಂಶೋಧಕ ಈ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದಾಗ ಅದು ಕೈಯಲ್ಲೇ ಆಕಾರ ಬದಲಿಸಿತು. ದನಕ್ಕೆ ಮೇವು ಸಿಕ್ಕರೆ ಸಾಕು, ಪಕ್ಕದಲ್ಲಿ ಎಷ್ಟು ದನಗಳಿವೆ ಎಂಬ ಬೇಸರವಿಲ್ಲ. ಮನುಷ್ಯನಿಗೆ ಇದೆ. ಒಬ್ಬ ಬೆಟ್ಟಕ್ಕೆ ಬರುವುದು ಏಕಾಂತಕ್ಕೆ, ಇನ್ನೊಬ್ಬ ಬರುವುದು ಗೆಳೆಯರ ಗುಂಪು ಕಟ್ಟಿಕೊಂಡು ಹಾಡುವುದಕ್ಕೆ. ಒಂದೇ ಹಾದಿ, ಒಂದೇ ಜನಸಂಖ್ಯೆ. ಒಬ್ಬನಿಗೆ ಸಂತೆ, ಇನ್ನೊಬ್ಬನಿಗೆ ಬಿಕೋ. ಹಾಗಾಗಿ ನೆಲ ಎಷ್ಟು ತಾಳುತ್ತದೆ ಎಂಬುದು ಒಂದು ಪ್ರಶ್ನೆ. ಮನಸ್ಸು ಎಷ್ಟು ತಾಳುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ನೆಲದ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯೋಗ ನೋಡಲು ತಮಾಷೆಯಾಗಿದೆ. ಹುಲ್ಲು ಅಥವಾ ಗಿಡಗಂಟಿ ಇರುವ, ಯಾರೂ ತುಳಿಯದ ಜಾಗದಲ್ಲಿ ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಪಟ್ಟಿಗಳನ್ನು ಗುರುತು ಮಾಡುತ್ತಾರೆ. ಒಂದು ಪಟ್ಟಿಯನ್ನು ಮುಟ್ಟುವುದಿಲ್ಲ. ಮಿಕ್ಕವುಗಳಲ್ಲಿ ಒಂದರ ಮೇಲೆ 25 ಸಲ ನಡೆಯುತ್ತಾರೆ, ಇನ್ನೊಂದರ ಮೇಲೆ 75, ಮತ್ತೊಂದರ ಮೇಲೆ 200, ಕೊನೆಯದರ ಮೇಲೆ 500. ಬೂಟು ಹಾಕಿದ ವಿದ್ಯಾರ್ಥಿ ಎಣಿಸುತ್ತ ಹೋಗುತ್ತಾನೆ, ಬರುತ್ತಾನೆ. ಎರಡು ವಾರದ ಮೇಲೆ ಬಂದು ಎಷ್ಟು ಹಸಿರು ಉಳಿದಿದೆ ಎಂದು ಅಳೆಯುತ್ತಾರೆ. ಒಂದು ವರ್ಷದ ಮೇಲೆ ಮತ್ತೆ ಬಂದು ಎಷ್ಟು ಚಿಗುರಿದೆ ಎಂದು ಅಳೆಯುತ್ತಾರೆ. ಡೇವಿಡ್ ಕೋಲ್ ಮತ್ತು ನೀಲ್ ಬೇಫೀಲ್ಡ್ 1993ರಲ್ಲಿ ರೂಪಿಸಿದ ಈ ಕ್ರಮವನ್ನು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಗಿಡಗಳ ಮೇಲೆ ಮಾಡಿ ನೋಡಿದ್ದಾರೆ.

ಇಂಥ ಪ್ರಯೋಗಗಳಿಂದ ಹೊರಬಿದ್ದ ಸಂಗತಿ ನಮ್ಮ ಸಾಮಾನ್ಯ ತಿಳಿವಳಿಕೆಗೆ ತದ್ವಿರುದ್ಧ. ಜನ ಇಮ್ಮಡಿಯಾದರೆ ಹಾನಿಯೂ ಇಮ್ಮಡಿ, ಜನರನ್ನು ಅರ್ಧಕ್ಕೆ ಇಳಿಸಿದರೆ ಹಾನಿಯೂ ಅರ್ಧ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಹಾನಿಯಲ್ಲಿ ದೊಡ್ಡ ಪಾಲು ಮೊದಲ ಕೆಲವು ತುಳಿತಗಳಲ್ಲೇ ಮುಗಿದುಹೋಗುತ್ತದೆ. ಮೆದು ಎಲೆಯ ಗಿಡಗಳಿರುವಲ್ಲಿ ಕೆಲವೇ ಡಜನ್ ಹೆಜ್ಜೆಗಳಿಗೆ ನೆಲ ಬೋಳಾಗಬಹುದು. ಒಮ್ಮೆ ಬೋಳಾದ ಮೇಲೆ ಇನ್ನೂ ಸಾವಿರ ಜನ ನಡೆದರೂ ಹೆಚ್ಚು ಕೆಡಲು ಅಲ್ಲಿ ಉಳಿದಿರುವುದೇ ಕಡಿಮೆ.

ಇದರಿಂದ ಬರುವ ನೀತಿ ಎರಡು ಮುಖದ್ದು. ಹತ್ತಾರು ವರ್ಷಗಳಿಂದ ಜನ ಟೆಂಟು ಹಾಕುತ್ತ ಬಂದಿರುವ ಜಾಗದಲ್ಲಿ, ಮೊದಲೇ ಬೋಳಾಗಿರುವ ಅದೇ ನೆಲದ ಮೇಲೆ ಹಾಕಿ. 'ಇಲ್ಲಿ ಹಾಳಾಗಿದೆ, ಆಚೆ ಹಸಿರಿನ ಮೇಲೆ ಹಾಕೋಣ' ಎನ್ನಬೇಡಿ. ಯಾರೂ ಕಾಲಿಡದ ಜಾಗಕ್ಕೆ ಹೋದಿರಾದರೆ ಇದರ ಉಲ್ಟಾ: ಚದುರಿ ನಡೆಯಿರಿ, ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆ ಇಡಬೇಡಿ, ಒಂದೇ ಕಡೆ ಎರಡು ರಾತ್ರಿ ಮಲಗಬೇಡಿ. 'ಲೀವ್ ನೋ ಟ್ರೇಸ್' ಎಂಬ ಹೆಸರಿನಲ್ಲಿ ಚಾರಣಿಗರಿಗೆ ಹೇಳಿಕೊಡುವ ಏಳು ಸೂತ್ರಗಳಲ್ಲಿ ಎರಡನೆಯದರ ಹಿಂದೆ ಇರುವುದು ಈ ಬೂಟಿನ ಲೆಕ್ಕವೇ. ನಮ್ಮ ಚಾರಣ ತಂಡಗಳಲ್ಲಿ 'ಕಸ ಹಾಕಬೇಡಿ' ಎಂಬ ಮೊದಲ ಪಾಠಕ್ಕೇ ಎಲ್ಲ ಮುಗಿಯುತ್ತದೆ. ಕಸವನ್ನು ಮರುದಿನ ಹೆಕ್ಕಬಹುದು. ಕೆಸರು ತಪ್ಪಿಸಲೆಂದು ಹುಲ್ಲುಗಾವಲಿನಲ್ಲಿ ಹತ್ತು ಜನ ಮಾಡಿದ ಪಕ್ಕದ ದಾರಿಯನ್ನು ಹೆಕ್ಕಲಾಗುವುದಿಲ್ಲ.

ಮನಸ್ಸಿನ ಪ್ರಶ್ನೆ ಇನ್ನೂ ಕಷ್ಟದ್ದು. ಯೂಟಾದ ಆರ್ಚಸ್ ಉದ್ಯಾನದಲ್ಲಿ ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನು ಇದೆ, ಆ ರಾಜ್ಯದ ಗುರುತಿನಂತಿರುವ ಕಮಾನು. ತೊಂಬತ್ತರ ದಶಕದಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ರಾಬರ್ಟ್ ಮ್ಯಾನಿಂಗ್ ಮತ್ತವರ ಸಂಗಡಿಗರು ಆ ಕಮಾನಿನ ಒಂದೇ ಫೋಟೊವನ್ನು ಕಂಪ್ಯೂಟರಿನಲ್ಲಿ ತಿದ್ದಿ ಹಲವು ಫೋಟೊ ಮಾಡಿದರು. ಒಂದರಲ್ಲಿ ಯಾರೂ ಇಲ್ಲ, ಮುಂದಿನದರಲ್ಲಿ ಕೆಲವರು, ಹೀಗೆ ಏರುತ್ತ ಕೊನೆಯದರಲ್ಲಿ ನೂರಕ್ಕೂ ಹೆಚ್ಚು ಜನ. ಅಲ್ಲಿಗೆ ಬಂದವರಿಗೆ ಅವನ್ನು ತೋರಿಸಿ ಒಂದೊಂದಕ್ಕೂ ಅಂಕ ಕೊಡಿ ಎಂದರು: ಪೂರ್ತಿ ಒಪ್ಪಿಗೆ ಎಂದರೆ ಪ್ಲಸ್ ನಾಲ್ಕು, ಒಪ್ಪಲಾಗದು ಎಂದರೆ ಮೈನಸ್ ನಾಲ್ಕು. ಸರಾಸರಿ ತೆಗೆದಾಗ ಸುಮಾರು ಮೂವತ್ತು ಜನರ ಫೋಟೊದ ಹತ್ತಿರ ಗೆರೆ ಪ್ಲಸ್ಸಿನಿಂದ ಮೈನಸ್ಸಿಗೆ ಇಳಿಯಿತು. ಒಂದು ಹೊತ್ತಿನಲ್ಲಿ ಕಮಾನಿನ ಬಳಿ ಮೂವತ್ತು ಜನ ಎಂಬ ಅಳತೆಗೋಲು ಹೀಗೆ ಹುಟ್ಟಿತು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಉತ್ತರ ಹೋಗಿ ಕೂರುವುದು ಬೆಟ್ಟದ ಬುಡದ ಪಾರ್ಕಿಂಗ್ ಜಾಗದಲ್ಲಿ. ಎಷ್ಟು ಕಾರು ನಿಲ್ಲಲು ಜಾಗ ಮಾಡಿದ್ದೀರಿ ಎಂಬುದೇ ಮೇಲೆ ಎಷ್ಟು ಜನ ಇರುತ್ತಾರೆ ಎಂಬುದನ್ನು ತೀರ್ಮಾನಿಸುತ್ತದೆ. ನಮ್ಮಲ್ಲಿ ಗುಡ್ಡದ ತುದಿಯಲ್ಲಿ ಗದ್ದಲ ಹೆಚ್ಚಿತೆಂದು ದೂರು ಬಂದಾಗ ಪಾರ್ಕಿಂಗ್ ವಿಸ್ತರಿಸುವ ಭರವಸೆ ಕೊಡುವುದನ್ನು ಕಂಡಾಗಲೆಲ್ಲ ನನಗೆ ಈ ಕಮಾನು ನೆನಪಾಗುತ್ತದೆ.

ಈ ಫೋಟೊ ಪ್ರಯೋಗದಲ್ಲಿ ಒಂದು ಕೊರೆಯಿದೆ. ಅದನ್ನೂ ಈ ವಿಭಾಗಗಳಲ್ಲೇ ಹೇಳಿಕೊಡುತ್ತಾರೆ. ಜನಜಂಗುಳಿಯಿರುವ ಜಾಗದಲ್ಲಿ ನಿಂತು 'ಇಲ್ಲಿಗೆ ಬಂದದ್ದು ಖುಷಿಯಾಯಿತೇ' ಎಂದು ಕೇಳಿದರೆ ಹೆಚ್ಚಿನವರು ಹೌದೆನ್ನುತ್ತಾರೆ. ಜಂಗುಳಿ ದುಪ್ಪಟ್ಟಾದ ಮೇಲೆ ಕೇಳಿದರೂ ಹೌದೆನ್ನುತ್ತಾರೆ. ಏಕೆಂದರೆ ಗದ್ದಲ ಸಹಿಸದವರು ಅಷ್ಟರಲ್ಲಿ ಬರುವುದನ್ನೇ ಬಿಟ್ಟಿರುತ್ತಾರೆ. ಅವರು ಬೇರೆ ಬೆಟ್ಟ ಹುಡುಕಿಕೊಂಡಿರುತ್ತಾರೆ, ಅಥವಾ ಮನೆಯಲ್ಲಿರುತ್ತಾರೆ. ನಿಮ್ಮ ಪ್ರಶ್ನಾವಳಿ ಅವರ ಕೈಗೆ ಸಿಗುವುದೇ ಇಲ್ಲ. 'ಮುಳ್ಳಯ್ಯನಗಿರಿಗೆ ಈಗ ಹೋಗುವುದಿಲ್ಲ ಮಾರಾಯ್ರೇ' ಎನ್ನುವ ಚಿಕ್ಕಮಗಳೂರಿನ ಹಳಬರು ಯಾವ ಪ್ರವಾಸಿ ಸಮೀಕ್ಷೆಯಲ್ಲೂ ಲೆಕ್ಕಕ್ಕೆ ಬರುವುದಿಲ್ಲವಲ್ಲ, ಹಾಗೆ. ಮೊದಲಿಗೆ ಸಂಖ್ಯಾಶಾಸ್ತ್ರ ಏಕೆ ಓದಬೇಕು ಎಂದು ಗೊಣಗುವ ವಿದ್ಯಾರ್ಥಿಗೆ ಅದು ಇಲ್ಲಿ ಅರ್ಥವಾಗುತ್ತದೆ: ಯಾರನ್ನು ಕೇಳಿದೆವು ಎನ್ನುವಷ್ಟೇ ಯಾರನ್ನು ಕೇಳಲಿಲ್ಲ ಎಂಬುದೂ ಮುಖ್ಯ.

ಇಷ್ಟೆಲ್ಲ ಆದ ಮೇಲೆ 1985ರಲ್ಲಿ, ಅಮೆರಿಕದ ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ಅರಣ್ಯ ಸೇವೆಯ ಸಂಶೋಧಕರು ಪ್ರಶ್ನೆಯನ್ನೇ ತಿರುಗಿಸಿಟ್ಟರು. ಎಷ್ಟು ಜನ ಎಂದರೆ ವಿಪರೀತ ಎಂದು ಕೇಳುವುದರಿಂದ ಶುರು ಮಾಡಬೇಡಿ. ಈ ಜಾಗ ಯಾವ ಸ್ಥಿತಿಯಲ್ಲಿ ಇರಬೇಕು ಎಂಬುದನ್ನು ಮೊದಲು ತೀರ್ಮಾನಿಸಿ ಎಂದರು. ಜನ ಬಂದಮೇಲೆ ಬದಲಾವಣೆ ಆಗಿಯೇ ಆಗುತ್ತದೆ. ಅದರಲ್ಲಿ ಎಷ್ಟನ್ನು ಒಪ್ಪಿಕೊಳ್ಳಬಹುದು? ದಿನವಿಡೀ ನಡೆದರೆ ಎಷ್ಟು ಬೇರೆ ತಂಡಗಳು ಎದುರಾಗಬಹುದು, ಒಂದು ಚದರ ಮೈಲಿಗೆ ಎಷ್ಟು ಟೆಂಟಿನ ಜಾಗಗಳಿರಬಹುದು, ಒಂದೊಂದರಲ್ಲಿ ಎಷ್ಟು ನೆಲ ಬೋಳಾಗಿರಬಹುದು? ಅಳೆಯಲು ಬರುವಂಥ ಗುರುತುಗಳನ್ನು ಆರಿಸಿ, ಒಂದೊಂದಕ್ಕೂ ಮಿತಿ ಹಾಕಿ, ವರ್ಷವರ್ಷ ಅಳೆಯಿರಿ. ಮಿತಿ ದಾಟಿತು ಎಂದಾಗ ಮಾತ್ರ ಕೈಹಾಕಿ. ಆಗಲೂ ಮೊದಲು ಸೌಮ್ಯ ಉಪಾಯ, ತಡೆಗೋಲು ಕೊನೆಗೆ. ಒಂಬತ್ತು ಹಂತಗಳ ಈ ವಿಧಾನಕ್ಕೆ 'ಒಪ್ಪಬಹುದಾದ ಬದಲಾವಣೆಯ ಮಿತಿ' ಎಂದು ಹೆಸರು. ಮೊಂಟಾನಾದ ಬಾಬ್ ಮಾರ್ಷಲ್ ವನ್ಯಪ್ರದೇಶದಲ್ಲಿ, ಹದಿನೈದು ಲಕ್ಷ ಎಕರೆಯಷ್ಟು ದೊಡ್ಡ ಕಾಡಿನಲ್ಲಿ, ಇದನ್ನು ಮೊದಲು ಜಾರಿಗೆ ತಂದಾಗ ಕುದುರೆ ಸವಾರಿಯ ವ್ಯಾಪಾರಿಗಳು, ಚಾರಣಿಗರು, ಪರಿಸರವಾದಿಗಳು, ಅಧಿಕಾರಿಗಳು ವರ್ಷಗಟ್ಟಲೆ ಒಂದೇ ಮೇಜಿನ ಸುತ್ತ ಕುಳಿತು ಜಗಳವಾಡಿದರು. ಆ ಜಗಳವೂ ವಿಧಾನದ ಭಾಗವೇ. ಎಷ್ಟು ಹಾನಿಯನ್ನು ಒಪ್ಪಬಹುದು ಎಂಬುದನ್ನು ಯಾವ ವಿಜ್ಞಾನವೂ ಹೇಳಿಕೊಡುವುದಿಲ್ಲ, ಎಷ್ಟು ಹಾನಿಯಾಗಿದೆ ಎಂಬುದನ್ನಷ್ಟೇ ಹೇಳುತ್ತದೆ.

ಈಗ ಹಾಫ್ ಡೋಮಿನ 300ಕ್ಕೆ ಹಿಂದಿರುಗಬಹುದು. ಪರವಾನಗಿ ಬರುವ ಮೊದಲು ರಜಾದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಆ ಹಗ್ಗಗಳ ಬುಡದಲ್ಲಿ ಸಾಲು ನಿಲ್ಲುತ್ತಿದ್ದರು. 2010ರಲ್ಲಿ ವಾರಾಂತ್ಯಕ್ಕೆ, ರಜಾದಿನಕ್ಕೆ ಮಾತ್ರ ಪರವಾನಗಿ ತಂದರು. ಜನ ಜಾಣರು, ವಾರದ ಮಧ್ಯೆ ಬರತೊಡಗಿದರು. 2011ರಲ್ಲಿ ಏಳೂ ದಿನಕ್ಕೆ ವಿಸ್ತರಿಸಿದರು. ಆಗ ಮಿತಿ ಇದ್ದದ್ದು 400. ಹಗ್ಗದ ಮೇಲೆ ಎಷ್ಟು ಜನರಿದ್ದರೆ ಸಾಲು ನಿಲ್ಲದೆ ಸರಿಯುತ್ತದೆ, ಮಧ್ಯಾಹ್ನ ಗುಡುಗು ಕವಿದರೆ ಎಲ್ಲರೂ ಇಳಿಯಲು ಎಷ್ಟು ಹೊತ್ತು ಬೇಕು, ಆ ಬೆಟ್ಟ ವನ್ಯಪ್ರದೇಶದ ಕಾನೂನಿಗೆ ಒಳಪಟ್ಟಿರುವುದರಿಂದ ಏಕಾಂತ ಎಷ್ಟಿರಬೇಕು ಎಂದೆಲ್ಲ ಅಳೆದು, ಸಾರ್ವಜನಿಕರ ಅಹವಾಲು ಕೇಳಿ, 2012ರ ಕೊನೆಗೆ 300 ಎಂದು ಗಟ್ಟಿ ಮಾಡಿದರು: ಬೆಳಿಗ್ಗೆ ಹೋಗಿ ಸಂಜೆ ಮರಳುವವರಿಗೆ 225, ಕಾಡಿನಲ್ಲಿ ತಂಗುವವರಿಗೆ 75. ಹಗ್ಗವನ್ನೇ ಕಿತ್ತುಹಾಕಿ ಎಂದವರೂ ಇದ್ದರು. ಈ ಅಂಕೆಯನ್ನು ನೀವು ಒಪ್ಪದಿರಬಹುದು. ಆದರೆ ಅದು ಬಂದ ದಾರಿಯುದ್ದಕ್ಕೂ ಹೆಜ್ಜೆಗುರುತುಗಳಿವೆ, ಯಾರು ಬೇಕಾದರೂ ಹಿಂದಕ್ಕೆ ನಡೆದು ನೋಡಬಹುದು.

ಇದೆಲ್ಲ ಮೇಜಿನ ಮೇಲಿನ ಕೆಲಸ. ಇವರಿಗೆ ಕೈ ಕೊಳೆಯಾಗುವ ಪಾಠಗಳೂ ಇವೆ. ನನಗೆ ಅತಿ ಇಷ್ಟವಾದದ್ದು ದಾರಿ ಕಡಿಯುವ ಪಾಠ.

ಕಾಡಿನ ಕಾಲುದಾರಿಯ ಮೊದಲ ಶತ್ರು ನೀರು, ಕಾಲಲ್ಲ. ದಾರಿ ಇಳಿಜಾರಿನಲ್ಲಿ ನೇರ ಮೇಲಕ್ಕೆ ಹೋದರೆ ಎರಡು ಮಳೆಗಾಲದಲ್ಲಿ ಅದು ಹಳ್ಳವಾಗುತ್ತದೆ. ಜನ ಹಳ್ಳ ಬಿಟ್ಟು ಪಕ್ಕದಲ್ಲಿ ಹತ್ತುತ್ತಾರೆ, ಅದೂ ಹಳ್ಳವಾಗುತ್ತದೆ. ಅದಕ್ಕೆ ದಾರಿಯನ್ನು ಗುಡ್ಡದ ಮೈಗೆ ಅಡ್ಡಲಾಗಿ ಬಳಸಿ ಒಯ್ಯಬೇಕು. ಒಂದು ಸರಳ ಅಂದಾಜಿನ ಸೂತ್ರವಿದೆ: ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು. ಗುಡ್ಡ ಶೇಕಡಾ 20 ಇಳಿಜಾರಿದ್ದರೆ ದಾರಿ ಶೇಕಡಾ 10 ದಾಟಬಾರದು. ದಾಟಿದರೆ ನೀರು ದಾರಿಯನ್ನು ಅಡ್ಡ ದಾಟಿ ಹೋಗುವುದಿಲ್ಲ, ದಾರಿಯನ್ನೇ ಹಿಡಿದು ಇಳಿಯುತ್ತದೆ. ದಾರಿಯ ಹೊರ ಅಂಚು ಒಳ ಅಂಚಿಗಿಂತ ಕೊಂಚ ತಗ್ಗಿರಬೇಕು, ಮೀಟರ್ ಅಗಲಕ್ಕೆ ಐದು ಸೆಂಟಿಮೀಟರ್‌ನಷ್ಟು. ನಡುನಡುವೆ ದಾರಿಯೇ ಸ್ವಲ್ಪ ಇಳಿದು ಮತ್ತೆ ಏರಬೇಕು; ಆ ತಗ್ಗಿನಲ್ಲಿ ನೀರು ಹೊರಗೆ ಚೆಲ್ಲಿಹೋಗುತ್ತದೆ. ನೀರು ತಿರುಗಿಸಲು ಮರದ ದಿಮ್ಮಿಯ ಅಡ್ಡಗಟ್ಟೆ ಹಾಕುವವರಿದ್ದಾರೆ, ಆದರೆ ಅದರ ಹಿಂದೆ ಹೂಳು ತುಂಬುತ್ತದೆ, ವರ್ಷವರ್ಷ ಕೆದಕಬೇಕು. ಅಡಿಕೆ ತೋಟದಲ್ಲಿ ಬಸಿಗಾಲುವೆ ಬಿಡಿಸಿ ಬೆಳೆದ ಹುಡುಗನಿಗೆ ಈ ಪಾಠದಲ್ಲಿ ಮೊದಲ ದಿನವೇ ಅರ್ಧ ಅಂಕ ಸಿಗಬೇಕು.

ಈ ಕೆಲಸದ ಮುಖ್ಯ ಹತಾರಿನ ಹೆಸರು ಪುಲಾಸ್ಕಿ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯ ಬಾಯಿ. ಬೇರು ಬಂದರೆ ಕಡಿಯುವುದು, ಮಣ್ಣು ಬಂದರೆ ಕೈ ತಿರುಗಿಸಿ ಕೆತ್ತುವುದು. ಅದನ್ನು ಬಳಕೆಗೆ ತಂದ ಎಡ್ ಪುಲಾಸ್ಕಿ ಒಬ್ಬ ಅರಣ್ಯ ರೇಂಜರ್. 1910ರ ಆಗಸ್ಟ್‌ನಲ್ಲಿ ಐಡಾಹೊ, ಮೊಂಟಾನಾಗಳಲ್ಲಿ ಸುಮಾರು ಮೂವತ್ತು ಲಕ್ಷ ಎಕರೆ ಕಾಡು ಎರಡೇ ದಿನದಲ್ಲಿ ಸುಟ್ಟಾಗ, ಬೆಂಕಿ ಸುತ್ತುವರಿದ ತನ್ನ ನಲವತ್ತಕ್ಕೂ ಹೆಚ್ಚು ಆಳುಗಳನ್ನು ಒಂದು ಹಳೆಯ ಗಣಿಯ ಸುರಂಗಕ್ಕೆ ನುಗ್ಗಿಸಿ, ಹೆಚ್ಚಿನವರ ಜೀವ ಉಳಿಸಿದವನು. ಇನ್ನು ಕಾನೂನಿನ ಪ್ರಕಾರ 'ವನ್ಯಪ್ರದೇಶ' ಎಂದು ಘೋಷಿಸಿದ ಕಾಡಿನೊಳಗೆ ಯಂತ್ರದ ಗರಗಸಕ್ಕೆ ಸಾಮಾನ್ಯವಾಗಿ ಅನುಮತಿಯಿಲ್ಲ. 1964ರ ಕಾನೂನಿನ ಮಾತಿನಲ್ಲಿ ಅಲ್ಲಿ ಮನುಷ್ಯ ಬಂದು ಹೋಗುವ ಅತಿಥಿಯಷ್ಟೆ. ಹಾಗಾಗಿ ದಾರಿಗೆ ಬಿದ್ದ ಮರವನ್ನು ಇಬ್ಬರು ಎದುರುಬದುರು ನಿಂತು ಉದ್ದನೆಯ ಕೈಗರಗಸದಲ್ಲೇ ಕೊಯ್ಯಬೇಕು. ಇಪ್ಪತ್ತೊಂದನೇ ಶತಮಾನದ ಪದವೀಧರರು ಅಜ್ಜಂದಿರ ಗರಗಸಕ್ಕೆ ಹಲ್ಲು ಮಸೆಯುವುದನ್ನು ಕಲಿಯುತ್ತಾರೆ, ಅದಕ್ಕೆ ಪ್ರಮಾಣಪತ್ರವನ್ನೂ ಪಡೆಯುತ್ತಾರೆ.

ಫಲಕ ಬರೆಯುವುದೂ ಇಲ್ಲಿ ಒಂದು ವಿದ್ಯೆ. ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್ ಉದ್ಯಾನದಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ, ಕಲ್ಲಾಗಿಹೋದ ಮರದ ತುಂಡುಗಳಿವೆ. ಜನ ಚೂರು ಚೂರಾಗಿ ಜೇಬಿಗೆ ಹಾಕಿಕೊಳ್ಳುತ್ತಾರೆ. ವರ್ಷಕ್ಕೆ 14 ಟನ್ ಹೀಗೆ ಕಳುವಾಗುತ್ತಿದೆ ಎಂದು ಅಲ್ಲಿ ಎಚ್ಚರಿಕೆಯ ಫಲಕ ಹಾಕಿದ್ದರು. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಗುರುತು ಮಾಡಿದ ಚೂರುಗಳನ್ನು ಹಾದಿಯಲ್ಲಿ ಇಟ್ಟು, ಫಲಕ ಬದಲಿಸಿ ಬದಲಿಸಿ ನೋಡಿದರು. 'ಹಿಂದೆ ಬಂದ ಅನೇಕರು ಒಯ್ದಿದ್ದಾರೆ, ಇದರಿಂದ ಕಾಡು ಬದಲಾಗುತ್ತಿದೆ' ಎಂದಾಗ ನೂರರಲ್ಲಿ ಸುಮಾರು ಎಂಟು ಚೂರು ಮಾಯವಾದವು. 'ದಯವಿಟ್ಟು ಒಯ್ಯಬೇಡಿ' ಎಂದಷ್ಟೇ ಹೇಳಿದಾಗ ಎರಡಕ್ಕಿಂತ ಕಡಿಮೆ. ಎಲ್ಲರೂ ಕದಿಯುತ್ತಾರೆ ಎಂದು ದುಃಖ ತೋಡಿಕೊಂಡರೆ, ಓದುವವನಿಗೆ ಕೇಳಿಸುವುದು 'ಎಲ್ಲರೂ' ಎಂಬ ಪದ ಮಾತ್ರ. ನಮ್ಮ ಜಲಪಾತಗಳ ಬಳಿ 'ಇಲ್ಲಿ ಪ್ರತಿದಿನ ಜನ ಬಾಟಲಿ ಎಸೆಯುತ್ತಾರೆ' ಎಂಬ ಧಾಟಿಯ ಫಲಕ ಬರೆಸುವವರಿಗೆ ಈ ಒಂದು ಪುಟವನ್ನು ಓದಿಸಿದರೂ ಸಾಕಿತ್ತು.

ಉಳಿದ ಪಾಠಗಳನ್ನು ಬೇಗ ಹೇಳಿಬಿಡುತ್ತೇನೆ. ಮರ ಗುರುತಿಸುವುದು ಇದೆ, ಅದೂ ಚಳಿಗಾಲದಲ್ಲಿ, ಎಲೆ ಉದುರಿದ ಮೇಲೆ, ಮೊಗ್ಗು ಮತ್ತು ಎಲೆ ಕಳಚಿದ ಗಾಯದ ಗುರುತು ನೋಡಿ. ನಕ್ಷೆ ಮತ್ತು ಕಂಪ್ಯೂಟರಿನಲ್ಲಿ ನಕ್ಷೆ ರಚಿಸುವ ಜಿಐಎಸ್ ಇದೆ. ಆಸ್ಪತ್ರೆಗೆ ಗಂಟೆಗಟ್ಟಲೆ ದೂರ ಇರುವಾಗ ಗಾಯಾಳುವನ್ನು ನೋಡಿಕೊಳ್ಳುವ ಎಪ್ಪತ್ತು ಎಂಬತ್ತು ಗಂಟೆಗಳ ತರಬೇತಿಯಿದೆ. ಸಹಪಾಠಿಗಳೇ ಮುಖಕ್ಕೆ ಸುಳ್ಳು ರಕ್ತ ಬಳಿದುಕೊಂಡು ಹಳ್ಳದಲ್ಲಿ ಬಿದ್ದು ನರಳುತ್ತಾರೆ. ಕಾನೂನಿನ ಪಾಠದಲ್ಲಿ ನಮಗೆ ವಿಚಿತ್ರವೆನಿಸುವುದು ಬೇಟೆ. ನಮ್ಮಲ್ಲಿ 1972ರ ಕಾಯ್ದೆ ಬೇಟೆಗೆ ಬೀಗ ಹಾಕಿತು. ಅಲ್ಲಿ 1937ರಿಂದ ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ತೆರಿಗೆಯ ಹಣವೇ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ದೊಡ್ಡ ಆಸರೆ. ಬೇಟೆಗಾರ ಅಲ್ಲಿ ಸಂರಕ್ಷಣೆಯ ಖಜಾನೆಗೆ ಹಣ ತುಂಬುವವನು.

ಈ ಓದು ಬಹುಕಾಲ ಒಂದು ವಿಷಯಕ್ಕೆ ಮಾತ್ರ ಬೆನ್ನು ತಿರುಗಿಸಿ ಕುಳಿತಿತ್ತು. 'ಮನುಷ್ಯ ಬರೀ ಅತಿಥಿ' ಎಂದು ಕಾನೂನು ಕರೆದ ಕಾಡುಗಳಲ್ಲಿ ಸಾವಿರಾರು ವರ್ಷ ಮನೆ ಮಾಡಿಕೊಂಡಿದ್ದವರು ಇದ್ದರು. 1851ರಲ್ಲಿ ಸಶಸ್ತ್ರ ದಳವೊಂದು ನುಗ್ಗಿ ಯೊಸೆಮಿಟಿ ಕಣಿವೆಯ ಮೂಲನಿವಾಸಿಗಳನ್ನು ಓಡಿಸಿತು. ನಿರ್ಜನ ಸೌಂದರ್ಯ ಎಂಬ ಚಿತ್ರ ಬರೆದದ್ದು ಆಮೇಲೆ. ನಾಗರಹೊಳೆಯ ಜೇನುಕುರುಬರ ಕಥೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಪಠ್ಯದಲ್ಲಿ ಇದಕ್ಕೆ ಜಾಗ ಸಿಗುತ್ತಿದೆ. 2022ರಲ್ಲಿ ಯೂಟಾದ ಬೇರ್ಸ್ ಇಯರ್ಸ್ ಪ್ರದೇಶವನ್ನು ಐದು ಬುಡಕಟ್ಟುಗಳೊಂದಿಗೆ ಸೇರಿ ನೋಡಿಕೊಳ್ಳುವ ಒಪ್ಪಂದಕ್ಕೆ ಕೇಂದ್ರ ಸರ್ಕಾರ ಸಹಿ ಹಾಕಿದೆ. ತಡವಾಯಿತು ಎನ್ನದೆ ಬೇರೆ ಮಾತಿಲ್ಲ.

ಕರ್ನಾಟಕದಿಂದ ಅಲ್ಲಿಗೆ ಹೋಗಿ ಇದನ್ನು ಓದುವ ಆಸೆಯಿದ್ದವರು ಒಂದು ಸಂಗತಿ ಮೊದಲೇ ತಿಳಿದಿರಬೇಕು. ಟೋಪಿ ಹಾಕಿದ ರಾಷ್ಟ್ರೀಯ ಉದ್ಯಾನದ ರೇಂಜರ್ ಆಗಲು ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು; ಕೇಂದ್ರ ಸರ್ಕಾರದ ಕಾಯಂ ನೌಕರಿಗಳ ನಿಯಮವೇ ಅದು. ಪೌರತ್ವ ಇದ್ದವರಿಗೂ ದಾರಿ ಮೆತ್ತಗಿಲ್ಲ. ಹೆಚ್ಚಿನವರು ಹಂಗಾಮಿ ನೌಕರರಾಗಿ ಶುರು ಮಾಡುತ್ತಾರೆ, ವರ್ಷಕ್ಕೆ 1,040 ಗಂಟೆಗಿಂತ ಕಡಿಮೆ, ಎಂದರೆ ಆರು ತಿಂಗಳ ಕೆಲಸ. ಬೇಸಿಗೆಯಲ್ಲಿ ಒಂದು ಉದ್ಯಾನ, ಚಳಿಗಾಲದಲ್ಲಿ ಸ್ಕೀ ರೆಸಾರ್ಟ್, ಮರುವರ್ಷ ಮತ್ತೆ ಅರ್ಜಿ. ಕಾಯಂ ಆದವರಿಗೂ 2025ರ ಫೆಬ್ರುವರಿ ಮರೆಯಲಾಗದ್ದು. ಪ್ರೊಬೇಷನ್ ಅವಧಿಯಲ್ಲಿದ್ದ ಸುಮಾರು ಸಾವಿರ ಉದ್ಯಾನ ನೌಕರರನ್ನು ಒಮ್ಮೆಲೇ ಮನೆಗೆ ಕಳಿಸಲಾಯಿತು. ಮುಂದೆ ನ್ಯಾಯಾಲಯದ ಆದೇಶದಿಂದ ಹಲವರು ಮರಳಿದರು. ಹೊರದೇಶದ ವಿದ್ಯಾರ್ಥಿಗೆ ಹೆಚ್ಚು ತೆರೆದಿರುವುದು ಸಂಶೋಧನೆ, ನಕ್ಷೆಯ ಕೆಲಸ, ಇಲ್ಲವೇ ಕಲಿತದ್ದನ್ನು ಹೊತ್ತು ಊರಿಗೆ ಮರಳುವುದು.

ಊರಿನಲ್ಲಿ ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಿವೆ. ಅಲ್ಲಿ ನಾಲ್ಕು ವರ್ಷದ ಅರಣ್ಯಶಾಸ್ತ್ರ ಪದವಿಯಿದೆ, ಒಳ್ಳೆಯ ಅರಣ್ಯಾಧಿಕಾರಿಗಳು ಅಲ್ಲಿಂದ ಬಂದಿದ್ದಾರೆ. ಆದರೆ ಆ ಓದಿನ ಕೇಂದ್ರದಲ್ಲಿ ಮರವಿದೆ, ಬೆಟ್ಟ ಹತ್ತುವ ಸಾಫ್ಟ್‌ವೇರ್ ನೌಕರನಿಲ್ಲ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಪಶ್ಚಿಮಘಟ್ಟಕ್ಕೆ ಹೊರಡುವ ಬಸ್ಸುಗಳ ಸಾಲು ನೋಡಿದವರಿಗೆ ಅವನನ್ನೂ ಪಠ್ಯಕ್ಕೆ ಸೇರಿಸುವ ಕಾಲ ಬಂದಿದೆ ಅನ್ನಿಸದಿರದು.

ಸೇರಿಸಿದರೆ ಮೊದಲ ವರ್ಷದ ರಜೆಯಲ್ಲಿ ಏನು ಮಾಡಿಸಬೇಕು ಎಂಬುದಕ್ಕೂ ಅಲ್ಲಿನವರಲ್ಲಿ ಉತ್ತರವಿದೆ. ಹಾದಿಯ ಬದಿಯ ಮರಕ್ಕೆ ಒಂದು ಪುಟ್ಟ ಎಣಿಕೆ ಯಂತ್ರ ಕಟ್ಟಿರುತ್ತಾರೆ. ಯಾರಾದರೂ ಎದುರು ಹಾದರೆ ಅದು ಒಂದು ಎಂದು ಬರೆದುಕೊಳ್ಳುತ್ತದೆ. ಇಬ್ಬರು ಭುಜಕ್ಕೆ ಭುಜ ತಾಗಿಸಿ ನಡೆದರೂ ಒಂದು ಎಂದೇ ಬರೆದುಕೊಳ್ಳುತ್ತದೆ. ಗಾಳಿಗೆ ಕೊಂಬೆ ಅಲುಗಿದರೂ ಕೆಲವೊಮ್ಮೆ ಒಂದು ಎನ್ನುತ್ತದೆ. ಹಾಗಾಗಿ ಒಬ್ಬ ವಿದ್ಯಾರ್ಥಿ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯಿಂದ ಅಲ್ಲೇ ಪೊದೆಯ ಮರೆಯಲ್ಲಿ ಕುಳಿತು ಬೆರಳಲ್ಲಿ ಗುಂಡಿ ಒತ್ತುತ್ತ ಎಣಿಸಬೇಕು. ಸಂಜೆ ಎರಡೂ ಲೆಕ್ಕ ಹೋಲಿಸಬೇಕು. ಯಂತ್ರ 80 ಎಂದು, ವಿದ್ಯಾರ್ಥಿ 100 ಎಂದರೆ, ಇಡೀ ಋತುವಿನ ಯಂತ್ರದ ಲೆಕ್ಕವನ್ನು ಒಂದೂಕಾಲರಿಂದ ಗುಣಿಸಬೇಕು. ಮಳೆ ಬಂದರೂ ಏಳುವಂತಿಲ್ಲ. ಮಳೆಯಲ್ಲಿ ಎಷ್ಟು ಜನ ಬಂದರು ಎಂಬುದೂ ಬೇಕು.